ಮೆಣಸಿನಕಾಯಿಯ ಕಪ್ಪು ಚುಕ್ಕೆ ಮತ್ತು ಬಟ್ಲರ್

ಬ್ಯಾಡಗಿ ಸಮೀಪದ ನಮ್ಮ ಹೊಲದಲ್ಲಿ ಕಾಯಿ ಕೆಂಪಾಗುವ ಹೊತ್ತಿಗೆ ಜಿಟಿಜಿಟಿ ಮಳೆ ಹಿಡಿದರೆ, ಸಿಪ್ಪೆಯ ಮೇಲೆ ತಗ್ಗಾದ ಕಲೆಗಳು ಮೂಡಿ, ಅವುಗಳೊಳಗೆ ಸುತ್ತುಸುತ್ತಾಗಿ ಕಪ್ಪು ಚುಕ್ಕೆಗಳು ಏಳುತ್ತವೆ. ಅಪ್ಪ ಅದನ್ನು ಕೊಳೆ ರೋಗ ಎನ್ನುತ್ತಿದ್ದರು. ಕಣದಲ್ಲಿ ಅಂಥ ಕಾಯಿಗಳನ್ನು ಆರಿಸಿ ಬೇರೆ ಹಾಕುವುದು ಅವ್ವನ ಕೆಲಸವಾಗಿತ್ತು. ಧಾರವಾಡದಲ್ಲಿ ಸಸ್ಯಶಾಸ್ತ್ರ ಓದುವಾಗ ನಾನು ಆ ಚುಕ್ಕೆಯೊಂದನ್ನು ಸೂಜಿಯಿಂದ ಕೆದರಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದೆ. ಕುಡಗೋಲಿನಂತೆ ಬಾಗಿದ ಬಣ್ಣವಿಲ್ಲದ ಬೀಜಾಣುಗಳು, ಅವುಗಳ ನಡುವೆ ಸೆಟೆದು ನಿಂತ ಕಪ್ಪು ಬಿರುಗೂದಲುಗಳು. ಪಠ್ಯದಲ್ಲಿ ಆ ಶಿಲೀಂಧ್ರಕ್ಕೆ ಕೊಲೆಟೊಟ್ರೈಕಮ್ ಕ್ಯಾಪ್ಸಿಸಿ ಎಂಬ ಹೆಸರಿತ್ತು. ಹೆಸರಿನ ಬೆನ್ನಿಗೇ, ಅದನ್ನಿಟ್ಟ ಶಿಲೀಂಧ್ರಶಾಸ್ತ್ರಜ್ಞರ ಹೆಸರಾಗಿ, ಬಟ್ಲರ್ ಮತ್ತು ಬಿಸ್ಬಿ ಎಂದಿತ್ತು.

ಐರ್ಲೆಂಡಿನ ಎಡ್ವಿನ್ ಜಾನ್ ಬಟ್ಲರ್ ಓದಿದ್ದು ವೈದ್ಯಕೀಯ. ಆದರೆ 1901ರಲ್ಲಿ ಅವರು ಭಾರತಕ್ಕೆ ಬಂದದ್ದು ಶಿಲೀಂಧ್ರಗಳ ಅಧ್ಯಯನಕ್ಕಾಗಿ. ಮೊದಲು ಕಲಕತ್ತೆಯಲ್ಲಿ, 1905ರಿಂದ ಬಿಹಾರದ ಪೂಸಾದಲ್ಲಿ, ಸುಮಾರು ಎರಡು ದಶಕಗಳ ಕಾಲ ಅವರು ರೋಗ ತಗುಲಿದ ಎಲೆ, ಕಾಂಡ, ಕಾಯಿಗಳನ್ನು ಕಲೆಹಾಕಿ, ಒಣಗಿಸಿ, ವಿವರ ಬರೆದಿಟ್ಟರು. ಆ ಸಂಗ್ರಹವೇ ಬೆಳೆದು ಇಂದು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿದೆ. 1918ರಲ್ಲಿ ಅವರು ಸಸ್ಯರೋಗಗಳ ಬಗ್ಗೆ ಬರೆದ ಗ್ರಂಥ ಪ್ರಕಟವಾಯಿತು. 1920ರಲ್ಲಿ ಅವರು ಇಂಗ್ಲೆಂಡಿನ ಕ್ಯೂನಲ್ಲಿ ಆರಂಭವಾದ ಶಿಲೀಂಧ್ರಶಾಸ್ತ್ರ ಸಂಸ್ಥೆಯ ಮೊದಲ ನಿರ್ದೇಶಕರಾದರು. ಬಿಸ್ಬಿಯವರೊಡನೆ 1931ರಲ್ಲಿ ಭಾರತದ ಶಿಲೀಂಧ್ರಗಳ ಪಟ್ಟಿಯನ್ನು ಹೊರತಂದಾಗ, 1913ರಲ್ಲಿ ಜರ್ಮನಿಯ ಶಿಲೀಂಧ್ರಶಾಸ್ತ್ರಜ್ಞ ಸೈಡೊ ಬೇರೆ ಕುಲದಲ್ಲಿಟ್ಟಿದ್ದ ಮೆಣಸಿನಕಾಯಿಯ ಈ ಶಿಲೀಂಧ್ರವನ್ನು ಕೊಲೆಟೊಟ್ರೈಕಮ್ ಕುಲಕ್ಕೆ ಸೇರಿಸಿದರು.

ಆ ಹೆಸರೂ ಉಳಿಯಲಿಲ್ಲ. ಬೀಜಾಣುವಿನ ಆಕಾರವನ್ನಷ್ಟೇ ನೋಡಿ ಈ ಕುಲದ ಪ್ರಭೇದಗಳನ್ನು ಬೇರ್ಪಡಿಸುವುದು ಕಷ್ಟ. ಡಿಎನ್‌ಎಯನ್ನೂ ಹೋಲಿಸಿ ನೋಡಿದ 2009ರ ಅಧ್ಯಯನವು ಇದನ್ನು ಕೊಲೆಟೊಟ್ರೈಕಮ್ ಟ್ರಂಕೇಟಮ್ ಪ್ರಭೇದದಲ್ಲೇ ಸೇರಿಸಿತು. ಆ ಹೆಸರಿನ ಮೂಲ 1832ರಷ್ಟು ಹಳೆಯದು, ಮತ್ತು ಮೊದಲು ಪ್ರಕಟವಾದ ಹೆಸರಿಗೇ ಮನ್ನಣೆ ಎಂಬುದು ವರ್ಗೀಕರಣದ ನಿಯಮ. ಇದು ಬರೀ ಕಾಗದದ ಮೇಲಿನ ಬದಲಾವಣೆ ಎಂದು ನಾನು ಒಪ್ಪಲಾರೆ. ಟ್ರಂಕೇಟಮ್ ಸೋಯಾಬೀನಿನಲ್ಲೂ ರೋಗ ತರುವ ಶಿಲೀಂಧ್ರ. ನಮ್ಮ ಭಾಗದಲ್ಲಿ ಸೋಯಾಬೀನನ್ನೂ ಮೆಣಸಿನಕಾಯಿಯನ್ನೂ ಬೆಳೆಯುವ ರೈತರಿದ್ದಾರೆ. ಎರಡೂ ಬೆಳೆಗಳ ರೋಗಾಣು ಒಂದೇ ಪ್ರಭೇದದ್ದು ಎಂದು ತಿಳಿದ ಮೇಲೆ, ಒಂದರ ಹಿಂದೆ ಇನ್ನೊಂದನ್ನು ಬಿತ್ತುವ ಮುನ್ನ ಹೊಲದಲ್ಲಿ ಉಳಿದ ಕಸಕಡ್ಡಿಯ ಬಗ್ಗೆ ಯೋಚಿಸಲೇಬೇಕಾಗುತ್ತದೆ.

ಕಳೆದ ಹಂಗಾಮಿನಲ್ಲಿ ನಮ್ಮ ಹೊಲದ ನಾಲ್ಕು ಕಾಯಿಗಳನ್ನು ಒಣಗಿಸಿ ಕಾಗದದ ಪೊಟ್ಟಣದಲ್ಲಿಟ್ಟಿದ್ದೇನೆ. ಅದರ ಚೀಟಿಯಲ್ಲಿ ಊರು, ದಿನಾಂಕ ಮತ್ತು ಹೊಸ ಹೆಸರನ್ನು ಬರೆದು, ಕೆಳಗೆ ಬಟ್ಲರ್ ಮತ್ತು ಬಿಸ್ಬಿಯವರು ಇಟ್ಟ ಹಳೆಯ ಹೆಸರನ್ನೂ ಬರೆದಿದ್ದೇನೆ.