ಒಂದೋ, ಮುನ್ನೂರ ಎಂಬತ್ತೋ

ಕಲಬುರಗಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಸಂಜೆ ಆರೂವರೆಗೆ ನನ್ನ ಪಾಳಿ ಆರಂಭವಾಗುತ್ತದೆ. ಬಿ.ಫಾರ್ಮ ಮುಗಿಸಿ ಮೆಡಿಕಲ್ ಕೋಡಿಂಗ್ ಕಲಿತ ನನ್ನ ಪಾಲಿಗೆ ಬರುವ ವಿಮಾ ಕ್ಲೈಮ್‌ಗಳಲ್ಲಿ ಹೆಚ್ಚಿನವು, ಹೆರಾಯಿನ್ ಅಥವಾ ಫೆಂಟನಿಲ್‌ನಂತಹ ಓಪಿಯಾಯ್ಡ್ ಚಟದಿಂದ ಹೊರಬರಲು ತಿಂಗಳಿಗೊಮ್ಮೆ ಚುಚ್ಚುಮದ್ದು ತೆಗೆದುಕೊಳ್ಳುವ ಅಮೆರಿಕದ ರೋಗಿಗಳವು. ಇಂಥ ಚಿಕಿತ್ಸೆಯ ದಾಖಲೆಗಳಿಗೆ ಅಲ್ಲಿ ಸಾಮಾನ್ಯ ಗೋಪ್ಯತಾ ಕಾಯ್ದೆಯ ಜೊತೆಗೆ ಪ್ರತ್ಯೇಕ ನಿಯಮವೂ ಇರುವುದರಿಂದ, ಪಾಳಿಯ ವೇಳೆ ನನ್ನ ಮೇಜಿನ ಮೇಲೆ ಹಾಳೆ, ಪೆನ್ನು, ಮೊಬೈಲು ಏನೂ ಇರುವಂತಿಲ್ಲ.

ವೈದ್ಯರ ಟಿಪ್ಪಣಿಯನ್ನು ಓದಿ, ಕಾಯಿಲೆಗೊಂದು, ಔಷಧಕ್ಕೊಂದು, ಚುಚ್ಚಿದ ಕೆಲಸಕ್ಕೊಂದು ಕೋಡ್ ಹಾಕಿ ವಿಮಾ ಕಂಪನಿಗೆ ಕಳಿಸುವುದೇ ಕೆಲಸ. ಕೇಳುವುದಕ್ಕೆ ಸುಲಭ, ತೊಡಕಿರುವುದು ಯೂನಿಟ್‌ನಲ್ಲಿ, ಅಂದರೆ ಔಷಧವನ್ನು ಲೆಕ್ಕ ಹಾಕುವ ಅಳತೆಯಲ್ಲಿ. ನಾಲ್ಟ್ರೆಕ್ಸೋನ್ ಎಂಬ ಔಷಧ ಇರುವ ವಿವಿಟ್ರಾಲ್ ಚುಚ್ಚುಮದ್ದಿನ ಕೋಡ್ ಜೆ2315. ಅದರಲ್ಲಿ ಒಂದು ಯೂನಿಟ್ ಎಂದರೆ ಒಂದು ಮಿಲಿಗ್ರಾಂ, ಆದ್ದರಿಂದ 380 ಮಿಲಿಗ್ರಾಂನ ಒಂದು ಡೋಸಿಗೆ 380 ಯೂನಿಟ್ ಬರೆಯಬೇಕು. ಬ್ಯುಪ್ರೆನಾರ್ಫಿನ್ ಎಂಬ ಔಷಧ ಇರುವ ಸಬ್ಲೊಕೇಡ್ ಚುಚ್ಚುಮದ್ದಿಗೆ 2018ರ ಜುಲೈಯಿಂದ ಎರಡು ಕೋಡ್‌ಗಳಿವೆ: 100 ಮಿಲಿಗ್ರಾಂವರೆಗೆ ಕ್ಯೂ9991, ಅದಕ್ಕಿಂತ ಹೆಚ್ಚಾದರೆ ಕ್ಯೂ9992. ಇಲ್ಲಿ ಇಡೀ ಸಿರಿಂಜೇ ಒಂದು ಯೂನಿಟ್. 300 ಮಿಲಿಗ್ರಾಂ ಕೊಟ್ಟಿದ್ದರೂ ಬರೆಯಬೇಕಾದದ್ದು 1.

ಕೆಲಸಕ್ಕೆ ಸೇರಿದ ಮೊದಲ ವರ್ಷ ವಾರವಿಡೀ ಸಬ್ಲೊಕೇಡ್ ಕ್ಲೈಮ್‌ಗಳನ್ನೇ ಮಾಡಿ, ಅದೇ ಗುಂಗಿನಲ್ಲಿ ಒಂದು ವಿವಿಟ್ರಾಲ್ ಕ್ಲೈಮ್‌ಗೂ 1 ಎಂದು ಒತ್ತಿಬಿಟ್ಟೆ. ವಿಮಾ ಕಂಪನಿ ತಕರಾರು ಮಾಡಲಿಲ್ಲ. ಔಷಧದ ದರದ 380ರಲ್ಲಿ ಒಂದು ಪಾಲನ್ನು ಪಾವತಿಸಿ ಸುಮ್ಮನಾಯಿತು. ಇದನ್ನೇ ತಿರುಗಿಸಿ ಸಬ್ಲೊಕೇಡ್‌ಗೆ 300 ಎಂದು ಬರೆದಿದ್ದರೆ ಕ್ಲೈಮ್ ತಿರಸ್ಕೃತವಾಗಿ ಮಾರನೆಯ ವಾರವೇ ನನ್ನ ಮುಂದೆ ಬರುತ್ತಿತ್ತು. ನನ್ನ ಅನುಭವದಲ್ಲಿ ಡಿನಯಲ್ ಆದ ತಪ್ಪಿಗಿಂತ ಪಾವತಿಯಾದ ತಪ್ಪೇ ಹೆಚ್ಚು ಅಪಾಯಕಾರಿ. ಪೇಮೆಂಟ್ ನೋಡುವವರು ಒಂದು ತಿಂಗಳ ಮೇಲೆ ಅದನ್ನು ಹಿಡಿದರು. ಕ್ಲೈಮ್ ಫಾರ್ಮಿನ 22ನೇ ಪೆಟ್ಟಿಗೆಯಲ್ಲಿ ಹಳೆಯ ಕ್ಲೈಮ್‌ಗೆ ಬದಲಿ ಎಂದು ಸೂಚಿಸುವ 7 ಹಾಕಿ ಮತ್ತೆ ಕಳಿಸಿದೆವು.

ಅಪ್ಪಾಜಿ ನೆಹರು ಗಂಜ್‌ನ ಒಂದು ಅಡತ್ ಅಂಗಡಿಯಲ್ಲಿ ಮುನೀಮರಾಗಿದ್ದವರು. ರೋಗಿಯ ವಿಷಯ ಬಿಟ್ಟು, ಯೂನಿಟ್ ತಪ್ಪಿದ್ದನ್ನಷ್ಟೇ ಹೇಳಿದಾಗ ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಭಾವ ಚೀಲದ್ದೋ ಕ್ವಿಂಟಲ್‌ದೋ ಕೇಳ್ಲಾರ್ದೇ ಬರ್ದಿ ಏನವ್ವಾ?" ಎಂದರು. ತೊಗರಿಯ ಪಟ್ಟಿ ಬರೆಯುವಾಗ ಅವರು ಮೊದಲು ನೋಡುತ್ತಿದ್ದದ್ದೂ ಅದನ್ನೇ.

ಇನ್ನೊಂದು ಪ್ರಶ್ನೆಯೂ ಗಂಜ್‌ನದೇ: ಮಾಲು ಯಾರದು? ಕ್ಲಿನಿಕ್ ತನ್ನ ಹಣದಿಂದ ಔಷಧ ಕೊಂಡಿದ್ದರೆ ಔಷಧದ ಕೋಡ್ ಮತ್ತು ಚುಚ್ಚುವ ಕೆಲಸದ 96372 ಎರಡನ್ನೂ ಬಿಲ್ ಮಾಡಬಹುದು. ಸ್ಪೆಷಾಲಿಟಿ ಫಾರ್ಮಸಿ ರೋಗಿಯ ಹೆಸರಿಗೆ ಸಿರಿಂಜ್ ಕಳಿಸಿ ವಿಮೆಯಿಂದ ನೇರವಾಗಿ ಹಣ ಪಡೆದಿದ್ದರೆ ಕ್ಲಿನಿಕ್‌ಗೆ ಉಳಿಯುವುದು 96372 ಮಾತ್ರ. ಅಲ್ಲಿ ಔಷಧವನ್ನೂ ಸೇರಿಸಿದರೆ ಒಂದೇ ಸಿರಿಂಜಿಗೆ ಎರಡು ಸಲ ಹಣ ಕೇಳಿದಂತಾಗುತ್ತದೆ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಇರುವ ರೋಗಿ ನೋಂದಾಯಿತ ಓಪಿಯಾಯ್ಡ್ ಚಿಕಿತ್ಸಾ ಕೇಂದ್ರದಲ್ಲಿ ಚುಚ್ಚಿಸಿಕೊಂಡಿದ್ದರೆ ಲೆಕ್ಕವೇ ಬೇರೆ. 2020ರ ಜನವರಿಯಿಂದ ಅಲ್ಲಿ ಔಷಧ, ಅದನ್ನು ಕೊಡುವ ಕೆಲಸ, ಆಪ್ತಸಮಾಲೋಚನೆ ಎಲ್ಲ ಸೇರಿದ ಒಂದೇ ಗಂಟಿನ ದರವಿದೆ.

ಕಾಯಿಲೆಯ ಕೋಡ್‌ನಲ್ಲಿ ನಾನು ತುಸು ಹಟಮಾರಿ. ಎಫ್11.20 ಎಂದರೆ ಓಪಿಯಾಯ್ಡ್ ಅವಲಂಬನೆ, ಎಫ್11.21 ಎಂದರೆ ಅದು ಉಪಶಮನದಲ್ಲಿದೆ ಎಂದು. ಟಿಪ್ಪಣಿಯಲ್ಲಿ "ರೋಗಿ ಚೆನ್ನಾಗಿದ್ದಾರೆ, ಕೆಲಸಕ್ಕೆ ಹೋಗುತ್ತಿದ್ದಾರೆ" ಎಂದಿದ್ದರೆ ಓದಿ ಸಂತೋಷವಾಗುತ್ತದೆ, ಆದರೆ ಉಪಶಮನ ಎಂಬ ಮಾತನ್ನು ವೈದ್ಯರೇ ಬರೆಯದ ಹೊರತು ನಾನು 21 ಹಾಕುವುದಿಲ್ಲ.

ನಿನ್ನೆ ರಾತ್ರಿ ಒಂದೂವರೆಯ ಹೊತ್ತಿಗೆ ಒಬ್ಬ ರೋಗಿಯ ಮೂರನೆಯ ಸಬ್ಲೊಕೇಡ್ ಚುಚ್ಚುಮದ್ದಿನ ದಾಖಲೆ ಬಂತು. ಸಾಮಾನ್ಯ ಕ್ರಮದಲ್ಲಿ ಮೊದಲೆರಡು ಡೋಸ್ 300, ಆಮೇಲೆ 100. ಕೆಲವರಿಗೆ 300ನ್ನೇ ಮುಂದುವರಿಸುತ್ತಾರೆ. ನರ್ಸ್ ದಿನಾಂಕ, ಸಮಯ, ಚರ್ಮದ ಕೆಳಗೆ ಚುಚ್ಚಿದ ಜಾಗ ಎಲ್ಲವನ್ನೂ ನೀಟಾಗಿ ಬರೆದು, ಪ್ರಮಾಣದ ಜಾಗದಲ್ಲಿ "ಎಂದಿನಂತೆ" ಎಂದಷ್ಟೇ ಬರೆದಿದ್ದರು. ಕ್ಲೈಮ್ ತಡೆಹಿಡಿದು, 100ರದೋ 300ರದೋ ಎಂದು ಕ್ಲಿನಿಕ್‌ಗೆ ಕೇಳಿ ಕಳಿಸಿದೆ. ಇಂದು ಪಾಳಿಗೆ ಕೂತಾಗಲೂ ಉತ್ತರ ಬಂದಿರಲಿಲ್ಲ.