ತಿಂಗಳ ಲೆಕ್ಕದಲ್ಲಿ 180 ವ್ಯತ್ಯಾಸ ಬಂದಾಗ

ನಾನು ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ತಿಂಗಳ ಕೊನೆಗೆ ಲೆಕ್ಕ ತಾಳೆ ನೋಡುವುದು ನನ್ನ ಕೆಲಸ. ಒಂದು ಸಲ 180 ವ್ಯತ್ಯಾಸ ಬಂತು. ವ್ಯತ್ಯಾಸ 9ರಿಂದ ಭಾಗವಾದರೆ ಎಲ್ಲೋ ಅಂಕಿ ಹಿಂದುಮುಂದಾಗಿರಬಹುದು ಅಂತ ಈ ಕೆಲಸದವರಿಗೆಲ್ಲ ಗೊತ್ತು. ಹುಡುಕಿದೆ. 4,860 ಇರಬೇಕಾದ ಕಡೆ 4,680 ಇತ್ತು. ಎಂಟ್ರಿ ಮಾಡಿದ್ದು ನಾನೇ, ಆಮೇಲೆ ಎರಡು ಸಲ ಚೆಕ್ ಮಾಡಿದ್ದೂ ನಾನೇ. ಆ ತಿಂಗಳು ಇಂಥ ತಪ್ಪು ಇದು ಮೂರನೆಯದು.

ಸರಿಯಾಗಿ ನಿದ್ದೆ ಮಾಡಿ ಆಗಲೇ ಎಷ್ಟೋ ತಿಂಗಳಾಗಿತ್ತು. ಬೇಗ ಮಲಗಿದರೂ ನಿದ್ದೆ ಹತ್ತುತ್ತಿರಲಿಲ್ಲ, ಹತ್ತಿದರೆ ಎರಡು ಗಂಟೆಗೆಲ್ಲ ಎಚ್ಚರ, ಆಮೇಲೆ ನಾಳೆ ಆಫೀಸಿನಲ್ಲಿ ಹೇಗಪ್ಪಾ ಕೂರೋದು ಅಂತ ಯೋಚಿಸುತ್ತಾ ಬೆಳಗಾಗುವ ತನಕ ಮಗ್ಗುಲು ಬದಲಿಸುತ್ತಿದ್ದೆ. ಕೆಲಸದ ಟೆನ್ಷನ್ ಅಂದುಕೊಂಡೆ. ಎದ್ದಾಗ ಬಾಯಿ ಒಣಗಿ ತಲೆ ಭಾರ ಇರುತ್ತಿತ್ತು, ಅದನ್ನು ಯಾರಿಗೂ ಹೇಳಲೇ ಇಲ್ಲ. ನಿದ್ದೆಯೇ ಬಾರದವನಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇರಬಹುದು ಅಂತ ಹೊಳೆಯುವುದಾದರೂ ಹೇಗೆ?

ಹೊಳೆದದ್ದು ಹೆಂಡತಿಗೆ. "ಗೊರಕೆ ಇದ್ದಕ್ಕಿದ್ದ ಹಾಗೆ ನಿಂತುಹೋಗುತ್ತೆ ರೀ, ಉಸಿರೇ ಇರಲ್ಲ, ಆಮೇಲೆ ಬೆಚ್ಚಿಬಿದ್ದು ಗಾಳಿ ಎಳ್ಕೋತೀರ" ಅಂದಳು. ಸ್ಲೀಪ್ ಸ್ಟಡಿ, ಅಂದರೆ ನಿದ್ದೆಯಲ್ಲಿ ಉಸಿರಾಟ ಹೇಗಿದೆ ಅಂತ ನೋಡುವ ಪರೀಕ್ಷೆ, ಮಾಡಿಸಿದೆ. ಗಂಟೆಗೆ 22 ಸಲ ಉಸಿರಾಟಕ್ಕೆ ತಡೆ. ಪ್ರತಿ ಸಲ 10 ಸೆಕೆಂಡಾದರೂ ಇದ್ದರೆ ಮಾತ್ರ ಲೆಕ್ಕಕ್ಕೆ ತಗೋತಾರೆ. 15ರಿಂದ 30ರ ಒಳಗಿದ್ದರೆ ಮಧ್ಯಮ ಮಟ್ಟದ ಸ್ಲೀಪ್ ಆಪ್ನಿಯಾ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಮುಚ್ಚುತ್ತದೆ, ಮೆದುಳು ತಟ್ಟಿ ಎಬ್ಬಿಸುತ್ತದೆ, ಎದ್ದ ಮೇಲೆ ನನ್ನ ಚಿಂತೆ ಮತ್ತೆ ಮಲಗಲು ಬಿಡುವುದಿಲ್ಲ. ಒಂದಲ್ಲ, ಎರಡು ತೊಂದರೆ. ಇವೆರಡೂ ಜೊತೆಗಿರುತ್ತವೆ ಅಂತ ನಿದ್ದೆಯ ತಜ್ಞ ಕ್ರಿಸ್ಟಿಯನ್ ಗಿಲ್ಮಿನೋ ಮತ್ತು ಅವರ ಜೊತೆಯ ವೈದ್ಯರು 1973ರಲ್ಲೇ ಬರೆದಿದ್ದರಂತೆ.

ಸಿಪ್ಯಾಪ್ ಮಷಿನ್ ಕೊಟ್ಟರು, ಗಾಳಿ ಒತ್ತಿ ಉಸಿರಿನ ದಾರಿ ಮುಚ್ಚದಂತೆ ನೋಡಿಕೊಳ್ಳುವ ಯಂತ್ರ. ಮೂಗಿನ ಮೇಲೆ ಮಾಸ್ಕ್ ಕಟ್ಟಿಕೊಂಡು, ಗಾಳಿಯ ಸುಯ್ ಸದ್ದು ಕೇಳುತ್ತಾ ಮಲಗುವುದು ನಿದ್ದೆ ಬಾರದವನಿಗೆ ಇನ್ನೂ ಕಷ್ಟ. ಮೊದಲ ವಾರ ನಡುರಾತ್ರಿ ಕಿತ್ತು ಪಕ್ಕಕ್ಕಿಡುತ್ತಿದ್ದೆ. ಆಮೇಲೆ ಹಗಲು ಟಿವಿ ನೋಡುವಾಗ ಅರ್ಧ ಗಂಟೆ ಹಾಕಿಕೊಂಡು ಅಭ್ಯಾಸ ಮಾಡಿದೆ. ನಿದ್ದೆ ಬಾರದ ತೊಂದರೆಗೆ ಬೇರೆಯೇ ಚಿಕಿತ್ಸೆ, ಸಿಬಿಟಿ ಅಂತಾರೆ, ಯೋಚನೆ ಮತ್ತು ಅಭ್ಯಾಸ ಬದಲಿಸುವ ಚಿಕಿತ್ಸೆ: ದಿನಾ ಒಂದೇ ಹೊತ್ತಿಗೆ ಏಳಬೇಕು, ನಿದ್ದೆ ಬರದಿದ್ದರೆ ಸುಮ್ನೆ ಹೊರಳಾಡದೆ ಹಾಸಿಗೆ ಬಿಟ್ಟು ಏಳಬೇಕು. ಹಾಸಿಗೆಯಲ್ಲಿರುವ ಹೊತ್ತನ್ನೂ ಕಡಿಮೆ ಮಾಡಿಸುತ್ತಾರೆ. ಅದನ್ನು ಮಾತ್ರ ವೈದ್ಯರ ನಿಗಾದಲ್ಲೇ ಮಾಡಿ, ಶುರುವಿನಲ್ಲಿ ಹಗಲು ತೂಕಡಿಕೆ ಜಾಸ್ತಿ ಆಗುತ್ತದೆ, ಗಾಡಿ ಓಡಿಸುವವರಿಗೆ ಅಪಾಯ. ನಿದ್ದೆ ಮಾತ್ರೆಯನ್ನಂತೂ ನೀವಾಗಿಯೇ ತಗೋಬೇಡಿ, ಕೆಲವು ಮಾತ್ರೆಗಳಿಂದ ಉಸಿರಾಟ ಇನ್ನೂ ಕೆಡಬಹುದು.

ಕೆಲಸದ ಕಡೆ ನಾನು ಮಾಡಿದ ದೊಡ್ಡ ತಪ್ಪು ಮುಚ್ಚಿಟ್ಟದ್ದು. ತಪ್ಪಾದಷ್ಟೂ ಹೆಚ್ಚು ಹೊತ್ತು ಕೂರುತ್ತಿದ್ದೆ, ರಾತ್ರಿ ಒಂಬತ್ತಕ್ಕೆ ಮಂಕಾದ ಕಣ್ಣಲ್ಲಿ ತಾಳೆ ನೋಡುತ್ತಿದ್ದೆ. ಕೊನೆಗೆ ಸ್ಲೀಪ್ ಸ್ಟಡಿ ರಿಪೋರ್ಟ್ ಹಿಡಿದು ಮ್ಯಾನೇಜರ್ ಹತ್ತಿರ ಹೋದೆ. ಅವರು ಕೇಳಿದ್ದು ಒಂದೇ, "ನಿಮಗೆ ತಲೆ ಚುರುಕಾಗಿರೋದು ಯಾವ ಹೊತ್ತಲ್ಲಿ?" ಹನ್ನೊಂದರಿಂದ ಒಂದು ಅಂದೆ. ತಾಳೆ ನೋಡುವ ಕೆಲಸ ಆ ಹೊತ್ತಿಗೆ ಬಂತು. ಎಂಟ್ರಿ ಮಾಡಿದವರೇ ಚೆಕ್ ಮಾಡುವಂತಿಲ್ಲ ಅಂತ ಇಡೀ ವಿಭಾಗಕ್ಕೆ ನಿಯಮವೂ ಆಯಿತು. ಅದು ಮೊದಲೇ ಇರಬೇಕಿತ್ತು, ಅಲ್ವಾ?

ಈಗಲೂ ಕೆಟ್ಟ ರಾತ್ರಿಗಳು ಬರುತ್ತವೆ. ಅಂಥ ದಿನ ಬೆಳಿಗ್ಗೆಯೇ ಪಕ್ಕದ ಸೀಟಿನವರಿಗೆ "ಇವತ್ತು ನನ್ನ ಎಂಟ್ರಿ ಸ್ವಲ್ಪ ನಿಧಾನವಾಗಿ ನೋಡಿ" ಅನ್ನುತ್ತೇನೆ. ಅವರು ಏನೂ ಕೇಳದೆ ಫೈಲು ತಮ್ಮ ಕಡೆ ಎಳೆದುಕೊಳ್ಳುತ್ತಾರೆ.