ಬೀಳುವವನೇ ಹೊಡೆತಕ್ಕೆ ತೂಕ ಕೊಡುವುದು

ಧಾರಾವಾಹಿಗಳಲ್ಲಿ ಸಹ ನಿರ್ದೇಶಕನಾಗಿರುವ ನನ್ನ ಪಾಲಿಗೆ ಬರುವ ಕೆಲಸಗಳಲ್ಲಿ ಒಂದು, ದೊಡ್ಡ ಮೈಕಟ್ಟಿನ ಹೊಸಬರನ್ನು ಕ್ಯಾಮೆರಾಕ್ಕೆ ಒಗ್ಗಿಸುವುದು. ಜಿಮ್‌ನಿಂದ ಬಂದವರು, ಗರಡಿಯಲ್ಲಿ ಮಣ್ಣು ಹತ್ತಿಸಿಕೊಂಡವರು, ಫೈಟರ್ಸ್ ಆಗಿ ಏಟು ತಿಂದು ಅಭ್ಯಾಸವಾದವರು. ಸೀನ್ ಪೇಪರ್‌ನಲ್ಲಿ ಇವರಿಗೆ ಹೆಸರೂ ಇರುವುದಿಲ್ಲ. ರೌಡಿ 1, ರೌಡಿ 2, ಅಷ್ಟೇ. ವಿಲನ್ ಹಿಂದೆ ಕೈಕಟ್ಟಿ ನಿಂತು ಗುರಾಯಿಸಿದರೆ ದಿನದ ಕೆಲಸ ಮುಗಿಯಿತು. ಇವರೊಳಗೆ ಅದಕ್ಕಿಂತ ಹೆಚ್ಚಿನದು ಇದೆ ಎಂದು ನನಗೆ ಗಟ್ಟಿಯಾಗಿ ಅನ್ನಿಸಿದ್ದು ಕುಸ್ತಿಯಿಂದ ಹಾಲಿವುಡ್‌ಗೆ ಬಂದ ಡೇವ್ ಬಟಿಸ್ಟಾ ಅವರ ಕೆಲಸವನ್ನು ಹಿಂದೆ ಮುಂದೆ ಓಡಿಸಿ ನೋಡುತ್ತಾ ಹೋದ ಮೇಲೆ.

ಟೆನ್ ಸ್ಪೋರ್ಟ್ಸ್ ಚಾನೆಲ್‌ನಲ್ಲಿ ಕುಸ್ತಿ ನೋಡಿ ಬೆಳೆದವರಿಗೆ ಬಟಿಸ್ಟಾ ಪರಿಚಯ ಮಾಡಿಸಬೇಕಿಲ್ಲ. 2005ರ ರೆಸಲ್‌ಮೇನಿಯಾ ಎಂಬ ಕುಸ್ತಿ ಪ್ರದರ್ಶನದಲ್ಲಿ ಟ್ರಿಪಲ್ ಎಚ್‌ನನ್ನು ಸೋಲಿಸಿ ಚಾಂಪಿಯನ್ ಪಟ್ಟ ಹೊತ್ತವರು. ಅಷ್ಟು ಹೆಸರಿದ್ದೂ 2010ರಲ್ಲಿ ಆ ಪ್ರದರ್ಶನಗಳನ್ನು ನಡೆಸುವ ಡಬ್ಲ್ಯುಡಬ್ಲ್ಯುಇ ಕಂಪನಿ ಬಿಟ್ಟಾಗ ಸಿನಿಮಾದವರು ಬಾಗಿಲು ತೆರೆದು ಕಾಯುತ್ತಿರಲಿಲ್ಲ. ಕೆಲವು ವರ್ಷ ಸಣ್ಣಪುಟ್ಟ ಚಿತ್ರಗಳಲ್ಲೇ ಕಳೆದವು. 2014ರಲ್ಲಿ 'ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ'ಯ ಡ್ರ್ಯಾಕ್ಸ್ ಪಾತ್ರ ಸಿಕ್ಕಿತು. ಆಡಿದ ಮಾತನ್ನೆಲ್ಲ ಅಕ್ಷರಶಃ ಅರ್ಥಮಾಡಿಕೊಳ್ಳುವ ಆಸಾಮಿ ಅವನು. ನಗಿಸುವ ಪ್ರಯತ್ನವನ್ನೇ ಮಾಡದೆ, ಪೂರ್ತಿ ನಂಬಿ ಮಾತಾಡಿದ್ದರಿಂದಲೇ ಅದು ನಗು ತರಿಸಿತು.

ಈ ನಂಬಿಕೆ ಎಲ್ಲಿಂದ ಬಂತು? ನನ್ನ ಪ್ರಕಾರ ರಿಂಗ್‌ನಿಂದಲೇ. ನಮ್ಮ ಗರಡಿಯ ಕುಸ್ತಿಯೇ ಬೇರೆ, ಆ ವೃತ್ತಿಪರ ಕುಸ್ತಿಯೇ ಬೇರೆ. ಅಲ್ಲಿ ಯಾರು ಗೆಲ್ಲಬೇಕೆಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಮುಂದಿನ ಪಟ್ಟು ಯಾವುದು ಎಂಬುದನ್ನು ಎಷ್ಟೋ ಸಲ ಇಬ್ಬರೂ ಹಿಡಿತದಲ್ಲಿರುವಾಗಲೇ ಕಿವಿಯಲ್ಲಿ ಹೇಳಿಕೊಳ್ಳುತ್ತಾರೆ. ಆದರೆ ಬೀಳುವುದು ನಿಜ. ರಿಂಗ್‌ನ ಕ್ಯಾನ್ವಾಸ್ ಕೆಳಗೆ ತೆಳ್ಳನೆಯ ಫೋಮ್, ಅದರ ಕೆಳಗೆ ಹಲಗೆ, ಅದಕ್ಕೂ ಕೆಳಗೆ ಉಕ್ಕಿನ ತೊಲೆ. ಗದ್ದವನ್ನು ಎದೆಗೆ ಒತ್ತಿಕೊಂಡು, ಬೆನ್ನನ್ನು ಅಗಲವಾಗಿ ಊರಿ, ಎರಡೂ ತೋಳುಗಳನ್ನು ನೆಲಕ್ಕೆ ಬಡಿದು ಏಟನ್ನು ಮೈಯೆಲ್ಲ ಹಂಚಿಕೊಳ್ಳಬೇಕು. ಎತ್ತಿ ಎಸೆಯುವವನು ಎದುರಾಳಿಯ ಕತ್ತು ಬೆನ್ನನ್ನು ಕಾಯಬೇಕು. ಬೀಳುವವನು ಎಸೆದವನ ಶಕ್ತಿಯನ್ನು ಸಾವಿರಾರು ಜನಕ್ಕೆ ನಂಬಿಸಬೇಕು. ಎಸೆತ ಎಷ್ಟೇ ಚೆನ್ನಾಗಿರಲಿ, ಬಿದ್ದವನು ಸರಿಯಾಗಿ ನರಳದಿದ್ದರೆ ಅದು ಎಸೆತವೇ ಅಲ್ಲ.

ಪೋಷಕ ನಟನ ಕೆಲಸವೂ ಇದೇ ಅಲ್ಲವೇ? ನಾಯಕನ ಸಿಟ್ಟು, ನಾಯಕಿಯ ದುಃಖ ಪ್ರೇಕ್ಷಕರನ್ನು ಮುಟ್ಟುವುದು ಎದುರಿಗಿರುವವನ ಮುಖದ ಮೂಲಕ. ಎದುರಿಗಿರುವವನು ಖಾಲಿ ನಿಂತರೆ ಇವರ ಅಭಿನಯ ಗಾಳಿಗೆ ಹೋಗುತ್ತದೆ.

ಕುಸ್ತಿಯಿಂದ ಬಂದವರು ಬಿಡಬೇಕಾದದ್ದು ಒಂದೇ, ಅಳತೆ. ಕ್ರೀಡಾಂಗಣದ ಕಟ್ಟಕಡೆಯ ಸಾಲಿಗೂ ಕಾಣುವಂತೆ ಮುಖ ಹಿಂಡಿ ಅವರಿಗೆ ರೂಢಿ. ಕ್ಲೋಸಪ್‌ನಲ್ಲಿ ಅದರ ನೂರರಲ್ಲೊಂದು ಪಾಲು ಸಾಕು. 2015ರ ಜೇಮ್ಸ್ ಬಾಂಡ್ ಚಿತ್ರ 'ಸ್ಪೆಕ್ಟರ್'ನಲ್ಲಿ ಬಟಿಸ್ಟಾಗೆ ಇಡೀ ಚಿತ್ರಕ್ಕೆ ಒಂದೇ ಒಂದು ಪದದ ಮಾತು. ಹಾಲಿವುಡ್‌ನ 'ರೌಡಿ 1' ಅದು. ಎರಡೇ ವರ್ಷಕ್ಕೆ ಬಂದ 'ಬ್ಲೇಡ್ ರನ್ನರ್ 2049' ನೋಡಿ. ಅವರ ವಯಸ್ಸು ಪಾತ್ರಕ್ಕೆ ಸಾಲದು ಎಂಬ ಅನುಮಾನ ನಿರ್ದೇಶಕ ಡೆನಿ ವಿಲ್‌ನವ್ ಅವರಿಗಿತ್ತು; ವಯಸ್ಸಾದಂತೆ ಮೇಕಪ್ ಹಾಕಿ ನೋಡಿದ ಮೇಲೆ ಒಪ್ಪಿದರು. ಚಿತ್ರದ ಮೊದಲ ದೃಶ್ಯದಲ್ಲೇ ಹೊಲದ ಕೆಲಸ ಮುಗಿಸಿ ಮನೆಯೊಳಗೆ ಬರುತ್ತಾರೆ. ಒಲೆಯ ಮೇಲೆ ಬೆಳ್ಳುಳ್ಳಿ ಕುದಿಯುತ್ತಿದೆ, ಕತ್ತಲಲ್ಲಿ ಕೊಲ್ಲಲು ಬಂದವನು ಕೂತಿದ್ದಾನೆ. ಆ ಬೆಟ್ಟದಂಥ ಮುಖದ ಮೇಲೆ ಪುಟ್ಟದೊಂದು ಕನ್ನಡಕ. ದನಿ ಏರಿಸುವುದಿಲ್ಲ, ಎದೆ ಉಬ್ಬಿಸುವುದಿಲ್ಲ. ಮುಂದೆ ಏನಾಗುತ್ತದೆಂದು ಗೊತ್ತಿರುವವನ ಆಯಾಸ ಭುಜದಲ್ಲಿ ಕಾಣುತ್ತದೆ. ಆಮೇಲೆ ಗೋಡೆ ಒಡೆಯುವಂಥ ಹೊಡೆದಾಟವೂ ಉಂಟು, ಆದರೆ ನನಗೆ ಮುಖ್ಯವಾದದ್ದು ಅದಕ್ಕೆ ಮುಂಚಿನ ಆ ಕೆಲವು ನಿಮಿಷ. ಹುಡುಗರಿಗೆ ನಾನು ತೋರಿಸುವುದೂ ಅದನ್ನೇ, ಮೊದಲು ಸೌಂಡ್ ತೆಗೆದು, ಆಮೇಲೆ ಸೌಂಡ್ ಹಾಕಿ.

ಈಚೆಗೆ ಬಡ್ಡಿ ವ್ಯಾಪಾರಿಯ ಕಡೆಯವನ ಪಾತ್ರಕ್ಕೆ ಮೈಸೂರು ಕಡೆಯ ಒಬ್ಬ ಪೈಲ್ವಾನ ಬಂದಿದ್ದ. ಸಾಲ ಮಾಡಿದವನ ಕಾಲರ್ ಹಿಡಿದು ಎತ್ತುವ ಶಾಟ್.

"ಎಷ್ಟು ಜೋರಾಗಿ ಹಿಡೀಲಿ ಸರ್?" ಅಂದ.

"ನೀನು ಎತ್ತಲೇಬೇಡಪ್ಪ. ಅವರೇ ನಿನ್ನ ಮಣಿಕಟ್ಟು ಹಿಡ್ಕೊಂಡು ತುದಿಗಾಲಲ್ಲಿ ಏಳ್ತಾರೆ. ನೀನು ಅವರ ಕಣ್ಣು ನೋಡ್ತಾ ಇರು, ಸಾಕು."

ತಕ್ಷಣ ಅರ್ಥವಾಯಿತು ಅವನಿಗೆ. ಜೋಡಿ ಎದುರಿಗೆ ನಿಂತಾಗ ಅವನ ಭಾರ ಯಾವ ಕಾಲಿನ ಮೇಲಿದೆ ಎಂದು ಓದುವುದು ಗರಡಿಯಲ್ಲಿ ಕಲಿತ ವಿದ್ಯೆ. ಎದುರಿನ ಹಿರಿಯ ನಟರು ಉಸಿರು ಕಟ್ಟಿದಂತೆ ಮಾಡಿದಾಗ ಇವನ ಬೆರಳು ತಾನಾಗಿ ಸಡಿಲವಾಯಿತು. ಅದು ಸೀನ್ ಪೇಪರ್‌ನಲ್ಲಿ ಇರಲಿಲ್ಲ. ಬಡ್ಡಿ ವಸೂಲಿಗೆ ಬಂದವನಲ್ಲೂ ಒಂದು ಅಳುಕಿದೆ ಎಂಬುದು ಆ ಬೆರಳಿನಲ್ಲೇ ಬಂತು. ಮಾನಿಟರ್ ಮುಂದಿದ್ದ ನಿರ್ದೇಶಕರು ಕಟ್ ಹೇಳದೆ ಬಿಟ್ಟರು.

ನಮ್ಮ ದೇಶದಲ್ಲೇ ಇದಕ್ಕೆ ದೊಡ್ಡ ಉದಾಹರಣೆ ದಾರಾ ಸಿಂಗ್. 1968ರಲ್ಲಿ ಬಾಂಬೆಯಲ್ಲಿ ಅಮೆರಿಕದ ಲೂ ಥೆಝ್‌ರನ್ನು ಸೋಲಿಸಿದ ಜಟ್ಟಿ, 1987ರಲ್ಲಿ ದೂರದರ್ಶನದ ರಾಮಾಯಣಕ್ಕೆ ಹನುಮಂತನಾಗುವಾಗ ಅರವತ್ತರ ಹತ್ತಿರ. ಹಿಂದಿ ಬಾರದ ನಮ್ಮ ಮನೆಗಳಲ್ಲೂ ಜನ ಅವರಿಗೆ ಕೈಮುಗಿದರು. ಗದೆ ಬೀಸಿದ್ದಕ್ಕಲ್ಲ, ರಾಮನ ಕಡೆ ನೋಡುತ್ತಿದ್ದ ಆ ನೋಟಕ್ಕೆ. ಅಷ್ಟು ಬಲಶಾಲಿ ಹಾಗೆ ನೋಡಿದಾಗ ರಾಮನೇ ದೊಡ್ಡವನಾಗಿ ಕಾಣುತ್ತಿದ್ದ. 'ಗಾಡ್‌ಫಾದರ್'ನ ಲೂಕಾ ಬ್ರಾಸಿ, ಅಂದರೆ ಕುಸ್ತಿಪಟು ಲೆನ್ನಿ ಮೊಂಟಾನಾ, ಡಾನ್ ಪಾತ್ರದ ಮಾರ್ಲನ್ ಬ್ರಾಂಡೊ ಎದುರು ನಿಜವಾಗಿಯೇ ಹೆದರಿ ಮಾತು ತೊದಲಿದರು. ನಿರ್ದೇಶಕ ಕೊಪ್ಪೊಲಾ ಅದನ್ನು ಹಾಗೆಯೇ ಉಳಿಸಿಕೊಂಡರು. ಅಂಥ ಕಟ್ಟುಮಸ್ತು ಆಳು ನಡುಗಿದ್ದರಿಂದ ಡಾನ್ ಎಂಥವನು ಎಂದು ಗೊತ್ತಾಯಿತು.

ಎಪಿಸೋಡ್ ಬರೆಯುವ ಗೆಳೆಯರಲ್ಲಿ ಒಂದು ಕೇಳಿಕೆ. ದೊಡ್ಡ ಆಳನ್ನು ಬರೆಯುವಾಗ ಅವನಿಗೊಂದು ಹೆಸರಿಡಿ. ಕೈಗೆ ಮಚ್ಚಿನ ಬದಲು ಒಂದು ಕೆಲಸ ಕೊಡಿ; ಟೀ ಸೋಸುವುದೋ, ಮಗುವಿನ ಚಪ್ಪಲಿ ಹುಡುಕುವುದೋ. ಎರಡೇ ಸಾಲು ಮಾತಿದ್ದರೂ ಸಾಕು, ಎದುರಿನವರ ಮಾತಿಗೆ ಅವನ ಮುಖ ತೋರಿಸಲು ಒಂದು ಶಾಟ್ ಜಾಗ ಬಿಡಿ. ಸೆಟ್‌ನಲ್ಲಿ ಅರ್ಧ ಗಂಟೆ ಮುಂಚೆ ಅವರನ್ನು ಕೂರಿಸಿಕೊಂಡು ರಿಹರ್ಸಲ್ ಮಾಡಿಸುವ ಹೊಣೆ ನನ್ನದು.